ಔಷಧ ಪತ್ರ: ಸನ್‌ಸ್ಕ್ರೀನ್ ಟ್ಯೂಬಿನ ಬೆನ್ನ ಮೇಲೆ ಏನು ಬರೆದಿದೆ?

ಮಾರ್ಚ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಮುಖದ ಬಗ್ಗೆಯೇ ಇರುತ್ತವೆ. ಈ ಸಲ ಎಲ್ಲರೂ ಸನ್‌ಸ್ಕ್ರೀನ್ ಹಿಡಿದು ಕೂತಿದ್ದಾರೆ. ಯಾರೋ ಹರಿಬಿಟ್ಟ ಒಂದು ವಿಡಿಯೊ ಮೈಸೂರು, ಮಂಡ್ಯದ ಮೊಬೈಲುಗಳನ್ನೆಲ್ಲ ಸುತ್ತಿ ನಮ್ಮ ಅಂಗಡಿಯ ಕೌಂಟರಿಗೂ ಬಂದು ತಲುಪಿದೆ. ಸಕ್ಕರೆ ಕಾಯಿಲೆಯ ಮಾತ್ರೆಗಳ ಬಗ್ಗೆ ಬರೆದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು, ಕ್ಷಮೆಯಿರಲಿ. ಹೊಸ ಓದುಗರಿಗೆ ಒಂದು ಮಾತು: ನಾನು ವೈದ್ಯೆಯಲ್ಲ. ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾಗಿ, ಈಗ ಸರಸ್ವತಿಪುರಂನಲ್ಲಿ ನಮ್ಮ ಮನೆಯವರ ಔಷಧದ ಅಂಗಡಿಯಲ್ಲಿ ಕೂರುವವಳು. ನಿಮಗೆ ಯಾವ ರೋಗ ಎಂದು ಹೇಳಲಾರೆ. ನಿಮ್ಮ ಕೈಯಲ್ಲಿರುವ ಟ್ಯೂಬಿನಲ್ಲಿ ಏನಿದೆ ಎಂದು ಹೇಳಬಲ್ಲೆ.

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಕಳಿಸಿದ ವಿಡಿಯೊ ನೋಡಿ ಗಾಬರಿಯಾಗಿದೆ. ಸನ್‌ಸ್ಕ್ರೀನಿನಲ್ಲಿರುವ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ, ಹಾರ್ಮೋನುಗಳನ್ನು ಕೆಡಿಸುತ್ತವೆ, ಕ್ಯಾನ್ಸರ್ ತರುತ್ತವೆ ಎಂದು ಅದರಲ್ಲಿ ಹೇಳಿದ್ದಾರೆ. ಶಾಲೆಗೆ ಸ್ಕೂಟರಿನಲ್ಲಿ ಹೋಗುವ ನಾನು ಎರಡು ವರ್ಷದಿಂದ ಹಚ್ಚುತ್ತಿದ್ದೇನೆ. ನನ್ನ ಟ್ಯೂಬಿನ ಮೇಲೆ ಅವೊಬೆನ್ಜೋನ್, ಆಕ್ಸಿಬೆನ್ಜೋನ್, ಆಕ್ಟೊಕ್ರೈಲೀನ್ ಎಂಬ ಹೆಸರುಗಳಿವೆ. ಎಸೆದುಬಿಡಲೇ?
– ಶಿಕ್ಷಕಿ, ಮಂಡ್ಯ

ಉತ್ತರ: ಎಸೆಯಬೇಡಿ ಟೀಚರ್, ಮೊದಲು ಪೂರ್ತಿ ಓದಿ.

ವಿಡಿಯೊದಲ್ಲಿ ಮೊದಲನೆಯ ಮಾತು ನಿಜ. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದವರೇ 24 ಜನ ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿದರು. ಮೈಯ ಮುಕ್ಕಾಲು ಭಾಗಕ್ಕೆ, ದಿನಕ್ಕೆ ನಾಲ್ಕು ಸಲ, ನಾಲ್ಕು ದಿನ ಸನ್‌ಸ್ಕ್ರೀನ್ ಬಳಿದು ರಕ್ತ ತೆಗೆದು ನೋಡಿದರು. ಪರೀಕ್ಷಿಸಿದ ನಾಲ್ಕೂ ಪದಾರ್ಥಗಳು ರಕ್ತದಲ್ಲಿ ಸಿಕ್ಕವು. ನಿಮ್ಮ ಟ್ಯೂಬಿನಲ್ಲಿರುವ ಮೂರೂ ಅದರಲ್ಲಿದ್ದವು. ಮರುವರ್ಷ 48 ಜನರ ಮೇಲೆ ಆರು ಪದಾರ್ಥಗಳನ್ನು ಪರೀಕ್ಷಿಸಿದಾಗಲೂ ಅದೇ ಕಥೆ.

ಇನ್ನು ಪ್ರಮಾಣದ ಮಾತು. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಅರ್ಧ ನ್ಯಾನೋಗ್ರಾಂ ದಾಟಿದರೆ ಆ ಪದಾರ್ಥದ ಮೇಲೆ ಹೆಚ್ಚಿನ ವಿಷಪರೀಕ್ಷೆಗಳನ್ನು ನಡೆಸಬೇಕು ಎಂಬುದು ಅವರ ನಿಯಮ. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಈ ಗೆರೆ ದಾಟಿದರೆ ಹಾನಿ ಆಯಿತೆಂದಲ್ಲ, ಪರೀಕ್ಷೆಯಿಂದ ರಿಯಾಯಿತಿ ಇಲ್ಲ ಎಂದು. ವಿಡಿಯೊ ಮಾಡಿದ ಮಹಾಶಯರು ಇದನ್ನು ನುಂಗಿಕೊಂಡಿದ್ದಾರೆ. ಸನ್‌ಸ್ಕ್ರೀನ್ ನಿಲ್ಲಿಸಬೇಡಿ ಎಂದು ಅದೇ ಸಂಸ್ಥೆ ಆಗಲೇ ಸ್ಪಷ್ಟವಾಗಿ ಹೇಳಿತ್ತು, ಅದನ್ನೂ ನುಂಗಿಕೊಂಡಿದ್ದಾರೆ.

ಆದರೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸಿಲ್ಲ. ಅದೇ ಪರೀಕ್ಷೆಯಲ್ಲಿ ಅವೊಬೆನ್ಜೋನ್ ಸಿಕ್ಕಿದ್ದು ಎರಡರಿಂದ ನಾಲ್ಕು ನ್ಯಾನೋಗ್ರಾಂ ಆಸುಪಾಸು, ಆಕ್ಟೊಕ್ರೈಲೀನ್ ಮೂರರಿಂದ ಎಂಟು. ಆಕ್ಸಿಬೆನ್ಜೋನ್ ಮಾತ್ರ 170ರಿಂದ 210ರವರೆಗೆ! ಅದರ ಅಣು ಚಿಕ್ಕದು, ಎಣ್ಣೆಯಲ್ಲಿ ಕರಗುವಂಥದ್ದು, ಚರ್ಮದಲ್ಲಿ ಸಲೀಸಾಗಿ ಇಳಿಯುತ್ತದೆ. ಹಾರ್ಮೋನಿನ ಮಾತು ಹುಟ್ಟಿದ್ದು ಇಲಿಗಳಿಗೆ ದೊಡ್ಡ ಪ್ರಮಾಣದಲ್ಲಿ ಅದನ್ನು ತಿನ್ನಿಸಿದ ಪ್ರಯೋಗಗಳಿಂದ. ಮನುಷ್ಯರು ಸನ್‌ಸ್ಕ್ರೀನನ್ನು ತಿನ್ನುವುದಿಲ್ಲ, ಒಪ್ಪಿದೆ. ಹಾಗಿದ್ದೂ ಯುರೋಪಿನವರು 2022ರಲ್ಲಿ ಅದಕ್ಕೆ ಕಡಿವಾಣ ಹಾಕಿದರು: ಮುಖ, ಕೈ, ತುಟಿಗೆ ಹಚ್ಚುವುದರಲ್ಲಿ ಶೇ 6ರವರೆಗೆ, ಮೈಗೆಲ್ಲ ಹಚ್ಚುವುದರಲ್ಲಿ ಶೇ 2.2ರವರೆಗೆ ಮಾತ್ರ. ಅದೇ ಕೆಲಸ ಮಾಡುವ ಬೇರೆ ಪದಾರ್ಥಗಳು ಅಂಗಡಿಯಲ್ಲಿ ಇರುವಾಗ ಇದನ್ನೇ ಹಟ ಹಿಡಿದು ಬಳಸುವ ಅಗತ್ಯ ನನಗೆ ಕಾಣುವುದಿಲ್ಲ.

ಕ್ಯಾನ್ಸರಿನ ಮಾತಿಗೆ ಬಂದರೆ, ಆಸ್ಟ್ರೇಲಿಯದ ನಂಬೂರ್ ಎಂಬ ಊರಿನಲ್ಲಿ 1992ರಿಂದ ನಾಲ್ಕೂವರೆ ವರ್ಷ ಸಾವಿರದ ಆರುನೂರಕ್ಕೂ ಹೆಚ್ಚು ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಜನ ದಿನವೂ ಸನ್‌ಸ್ಕ್ರೀನ್ ಹಚ್ಚಿದರು, ಉಳಿದವರು ತಮಗೆ ತೋಚಿದಂತೆ. ದಿನವೂ ಹಚ್ಚಿದವರಲ್ಲಿ ಸ್ಕ್ವೇಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಗಡ್ಡೆಗಳು ಹತ್ತಿರ ಹತ್ತಿರ ಶೇ 40ರಷ್ಟು ಕಡಿಮೆಯಾದವು. ಅಲ್ಲಿ ಬಳಸಿದ್ದು ಸತುವಿನ ಬಿಳಿ ಮುಲಾಮಲ್ಲ. ನೀವು ಹೆದರುತ್ತಿರುವ ಜಾತಿಯದೇ, ಅವೊಬೆನ್ಜೋನ್ ಮತ್ತು ಆಕ್ಟಿನಾಕ್ಸೇಟ್ ಇದ್ದ ಕ್ರೀಮು. ಅವರದು ಬಿಳಿ ಚರ್ಮ, ಚರ್ಮದ ಕ್ಯಾನ್ಸರ್ ಅಲ್ಲಿ ಮನೆಮಾತು. ನಮ್ಮ ಕಡೆ ಆ ಲಾಭ ಅಷ್ಟಿಲ್ಲ. ನಾವು ಹಚ್ಚುವುದು ಹೆಚ್ಚಾಗಿ ಬಂಗಿಗೆ, ಕಪ್ಪು ಕಲೆಗೆ, ಬಿಸಿಲಿಗೆ ಉಲ್ಬಣಿಸುವ ಕಾಯಿಲೆಗಳಿಗೆ. ಲಾಭ ಕಡಿಮೆ ಇದ್ದಾಗ ಪದಾರ್ಥವನ್ನು ಆರಿಸುವಾಗ ಸ್ವಲ್ಪ ಹೆಚ್ಚು ಚೌಕಾಸಿ ಮಾಡಬಹುದು ಎಂಬುದು ನನ್ನ ಅಭಿಪ್ರಾಯ.

ನೀವು ಹಚ್ಚುವುದು ಮುಖ, ಕತ್ತು, ಮುಂಗೈಗೆ. ಅದು ಮೈಯ ಹತ್ತರಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ಪಾಲು. ಇರುವ ಟ್ಯೂಬನ್ನು ಮುಗಿಸಿ. ಮುಂದಿನದನ್ನು ಕೊಳ್ಳುವಾಗ ಆಕ್ಸಿಬೆನ್ಜೋನ್ ಇಲ್ಲದ್ದನ್ನು ಕೇಳಿ. ನಮ್ಮಲ್ಲಿ ಅದು ಹೆಚ್ಚಾಗಿ ‘ಬೆಂಜೋಫಿನೋನ್-3’ ಎಂಬ ಇನ್ನೊಂದು ಹೆಸರಿನಲ್ಲಿ ಅಡಗಿರುತ್ತದೆ, ಎಚ್ಚರ.

ಪ್ರಶ್ನೆ: ಮಿನರಲ್ ಒಳ್ಳೆಯದು, ಕೆಮಿಕಲ್ ಕೆಟ್ಟದ್ದು ಎನ್ನುತ್ತಾರೆ. ಯಾವ ಪದಾರ್ಥ ಎಷ್ಟು ಸುರಕ್ಷಿತ ಎಂದು ಒಂದು ಪಟ್ಟಿ ಮಾಡಿ ಅಂಕ ಕೊಡುತ್ತೀರಾ? ಅಂಗಡಿಗೆ ಹೋದಾಗ ನೋಡಿಕೊಳ್ಳಲು ಅನುಕೂಲ.
– ಸಾಫ್ಟ್‌ವೇರ್ ಉದ್ಯೋಗಿ, ಹೆಬ್ಬಾಳ, ಮೈಸೂರು

ಉತ್ತರ: ಅಂಕ ಕೊಡುವ ಕೆಲಸವನ್ನು ಕಾಲೇಜಿನಲ್ಲೇ ಬಿಟ್ಟು ಬಂದೆ. ಆದರೆ ಸಾಲಿನಲ್ಲಿ ನಿಲ್ಲಿಸಬಲ್ಲೆ.

ಎಲ್ಲಕ್ಕಿಂತ ಮುಂದೆ ಝಿಂಕ್ ಆಕ್ಸೈಡ್, ಅಂದರೆ ಸತುವಿನ ಆಕ್ಸೈಡ್. ಹೊಸದೇನಲ್ಲ: ತುರಿಕೆಗೆ ಹಚ್ಚುವ ತಿಳಿಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದು ಇದೇ, ಡೈಪರಿನಿಂದ ಕೂಸಿನ ತೊಡೆಸಂದು ಕೆಂಪಾದಾಗ ಬಳಿಯುವ ಮುಲಾಮಿನಲ್ಲಿ ಇರುವುದೂ ಇದೇ. ಹಾಗೆಂದು ಕ್ಯಾಲಮೈನನ್ನೇ ಸನ್‌ಸ್ಕ್ರೀನ್ ಮಾಡಿಕೊಳ್ಳಬೇಡಿ. ಅದನ್ನು ಆ ಕೆಲಸಕ್ಕೆ ಮಾಡಿಲ್ಲ. ಅಮೆರಿಕದವರು 2019ರಲ್ಲಿ ತಮ್ಮಲ್ಲಿದ್ದ 16 ಪದಾರ್ಥಗಳನ್ನು ಜಾಲಿಸಿದಾಗ ‘ಸುರಕ್ಷಿತ, ಪರಿಣಾಮಕಾರಿ’ ಎಂದು ಎತ್ತಿಟ್ಟದ್ದು ಎರಡನ್ನೇ: ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ‘ಮಿನರಲ್’ ಎಂದು ಕರೆಯುವುದು ಇವೆರಡನ್ನೇ. ಎರಡನ್ನು ಬೇಡವೆಂದು ಬದಿಗಿಟ್ಟರು. ಉಳಿದ ಹನ್ನೆರಡಕ್ಕೆ ಇನ್ನಷ್ಟು ಮಾಹಿತಿ ಕೊಡಿ ಎಂದು ಕಂಪನಿಗಳನ್ನು ಕೇಳಿದರು. ಇನ್ನಷ್ಟು ಮಾಹಿತಿ ಬೇಕು ಎಂದಿದ್ದನ್ನೇ ವಿಷ ಎಂದು ಓದಿಕೊಂಡವರು ಬಹಳ ಮಂದಿ.

ಸತು ಮತ್ತು ಟೈಟಾನಿಯಂ ಎರಡರಲ್ಲಿ ನಾನು ಸತುವಿನ ಕಡೆ. ನೇರಳಾತೀತ ಕಿರಣಗಳಲ್ಲಿ ನಮಗೆ ಸಂಬಂಧಪಟ್ಟವು ಎರಡು ಬಗೆ. 290ರಿಂದ 320 ನ್ಯಾನೋಮೀಟರಿನವರೆಗಿನ ‘ಬಿ’ ಚರ್ಮವನ್ನು ಸುಡುತ್ತದೆ. 320ರಿಂದ 400ರವರೆಗಿನ ‘ಎ’ ಆಳಕ್ಕೆ ಇಳಿದು ಕಲೆ, ಸುಕ್ಕು ತರುತ್ತದೆ. ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಟೈಟಾನಿಯಂ ‘ಬಿ’ಯನ್ನು ಚೆನ್ನಾಗಿ ತಡೆಯುತ್ತದೆ, ‘ಎ’ಯ ದೂರದ ತುದಿಯಲ್ಲಿ ಸೋಲುತ್ತದೆ. ಸತು ಎರಡನ್ನೂ ತಡೆಯುತ್ತದೆ. ಅಂದಹಾಗೆ, ಇವು ಬಿಸಿಲನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತವೆ ಎಂದು ಜಾಹೀರಾತುಗಳು ಹೇಳುತ್ತಿರುತ್ತವೆ. ಸ್ವಲ್ಪ ಕಳಿಸುತ್ತವೆ, ಬಹುಪಾಲನ್ನು ‘ಕೆಮಿಕಲ್’ ಎನಿಸಿಕೊಂಡವುಗಳಂತೆಯೇ ಹೀರಿಕೊಳ್ಳುತ್ತವೆ.

ನ್ಯಾನೊ ಕಣಗಳು ಮೈಯೊಳಗೆ ಹೋಗುತ್ತವೆಯೇ ಎಂದು ಕೇಳುವವರಿದ್ದಾರೆ. ಗಾಯವಿಲ್ಲದ ಚರ್ಮದಲ್ಲಿ ಅವು ಮೇಲಿನ ಸತ್ತ ಪದರದಲ್ಲೇ ನಿಲ್ಲುತ್ತವೆ ಎಂದು ಯುರೋಪ್ ಮತ್ತು ಆಸ್ಟ್ರೇಲಿಯದ ನಿಯಂತ್ರಕರು ಮತ್ತೆ ಮತ್ತೆ ಪರಿಶೀಲಿಸಿ ಹೇಳಿದ್ದಾರೆ. ಮೂಗಿನಿಂದ ಎಳೆದುಕೊಂಡರೆ ವಿಷಯ ಬೇರೆ. ಸ್ಪ್ರೇ ಬಗ್ಗೆ ಕೆಳಗೆ ಬರೆದಿದ್ದೇನೆ.

ಸತುವಿನ ನಿಜವಾದ ತೊಂದರೆ ಸುರಕ್ಷತೆಯದ್ದಲ್ಲ, ಚಂದದ್ದು. ಮೊನ್ನೆ ಕಾಲೇಜಿನ ಹುಡುಗಿಯೊಬ್ಬಳು ಶೇ 20ರ ಸತುವಿನ ಕ್ರೀಮನ್ನು ನಮ್ಮ ಬಾಗಿಲ ಬಳಿ ಮುಂಗೈಗೆ ಹಚ್ಚಿ ನೋಡಿದಳು. ನೆರಳಿನಲ್ಲಿ ಬೆಳ್ಳಗೆ ಕಂಡದ್ದು ರಸ್ತೆಯ ಬಿಸಿಲಿಗೆ ಹಿಡಿದಾಗ ನೇರಳೆ ಮಿಶ್ರಿತ ಬೂದಿಯಾಯಿತು. “ಆಂಟಿ, ಇದನ್ನು ಹಾಕಿಕೊಂಡು ನಾನು ಕಾಲೇಜಿಗೆ ಹೋಗುವುದಿಲ್ಲ” ಎಂದು ಅಲ್ಲೇ ಕರ್ಚೀಫಿನಲ್ಲಿ ಒರೆಸಿದಳು. ಅವಳು ಹೇಳಿದ್ದು ಸರಿ. ಕಪಾಟಿನಲ್ಲಿ ಕೂತ ಸುರಕ್ಷಿತ ಕ್ರೀಮಿನಿಂದ ಮುಖಕ್ಕೆ ಏನೂ ಉಪಯೋಗವಿಲ್ಲ. ಅವಳಿಗೆ ಚರ್ಮದ ಬಣ್ಣ ಬೆರೆಸಿದ, ಕಬ್ಬಿಣದ ಆಕ್ಸೈಡ್ ಇರುವ ಸತುವಿನ ಕ್ರೀಮ್ ತೋರಿಸಿದೆ. ನೂರಿನ್ನೂರು ರೂಪಾಯಿ ಹೆಚ್ಚು, ಆದರೆ ಹಚ್ಚಿದ್ದು ಕಾಣುವುದಿಲ್ಲ.

ಎರಡನೆಯ ಸಾಲಿನಲ್ಲಿ ನಾನು ನಿಲ್ಲಿಸುವುದು ದೊಡ್ಡ ಅಣುಗಳನ್ನು. ಚರ್ಮದ ವಿಜ್ಞಾನದಲ್ಲಿ ಒಂದು ಸ್ಥೂಲ ಲೆಕ್ಕವಿದೆ: ಅಣುವಿನ ತೂಕ 500 ಡಾಲ್ಟನ್ ದಾಟಿದರೆ ಅದು ಚರ್ಮದಲ್ಲಿ ಇಳಿಯುವುದು ಕಷ್ಟ. ಆಕ್ಸಿಬೆನ್ಜೋನಿನ ತೂಕ 228. ಅವೊಬೆನ್ಜೋನ್ 310. ಬೆಮೊಟ್ರೈಜಿನಾಲ್ ಎಂಬುದು 628, ಈಥೈಲ್‌ಹೆಕ್ಸೈಲ್ ಟ್ರೈಯಜೋನ್ 823. ಟಿನೊಸಾರ್ಬ್ ಎಸ್ ಎಂಬ ವ್ಯಾಪಾರದ ಹೆಸರಿನಲ್ಲಿ ಬರುವ ಬೆಮೊಟ್ರೈಜಿನಾಲ್ ಯುರೋಪಿನಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದಿನಿಂದ ಇದೆ. ‘ಎ’, ‘ಬಿ’ ಎರಡನ್ನೂ ತಡೆಯುತ್ತದೆ, ಬಿಸಿಲಿಗೆ ಕೆಡುವುದಿಲ್ಲ, ಮುಖ ಬೆಳ್ಳಗಾಗುವುದಿಲ್ಲ. ನಮ್ಮ ಅಂಗಡಿಗಳಿಗೂ ಇದಿರುವ ಟ್ಯೂಬುಗಳು ಬರುತ್ತಿವೆ. ನಿಮ್ಮಂತೆ ಇಡೀ ದಿನ ಒಳಗೆ ಕೂತು ಮಧ್ಯಾಹ್ನ ಊಟಕ್ಕೆ ಹೊರಗೆ ಬರುವವರಿಗೆ ನನ್ನ ಮೊದಲ ಸಲಹೆ ಇದೇ. ‘ಕೆಮಿಕಲ್’ ಎಂದು ಮೂಗು ಮುರಿಯಬೇಡಿ. ಸತುವಿನ ಆಕ್ಸೈಡ್ ಕೂಡ ರಾಸಾಯನಿಕವೇ, ಮರದಲ್ಲಿ ಬಿಡುವುದಿಲ್ಲ.

ಆಮೇಲೆ ಅವೊಬೆನ್ಜೋನ್. ಟ್ಯೂಬಿನಲ್ಲಿ ಇದಕ್ಕೆ ‘ಬ್ಯುಟೈಲ್ ಮೆಥಾಕ್ಸಿಡೈಬೆನ್ಜೋಯಿಲ್‌ಮೀಥೇನ್’ ಎಂಬ ಉದ್ದದ ಹೆಸರಿರುತ್ತದೆ. ‘ಎ’ ಕಿರಣಕ್ಕೆ ಬಹಳ ಒಳ್ಳೆಯದು. ಆದರೆ ಬಿಸಿಲು ತಡೆಯುವ ಇದು ಬಿಸಿಲಿಗೇ ಒಡೆದುಹೋಗುತ್ತದೆ. ಜೊತೆಗೆ ಆಕ್ಟೊಕ್ರೈಲೀನನ್ನೋ ಬೆಮೊಟ್ರೈಜಿನಾಲನ್ನೋ ಕಾವಲಿಗೆ ಇಡಬೇಕು. ಆಕ್ಟಿನಾಕ್ಸೇಟ್ ಜೊತೆ ಸೇರಿಸಿದರೆ ಒಂದನ್ನೊಂದು ಇನ್ನೂ ಬೇಗ ಕೆಡಿಸುತ್ತವೆ. ಅದಕ್ಕೇ ಒಂದೊಂದೇ ಪದಾರ್ಥಕ್ಕೆ ಅಂಕ ಕೊಡಲು ನಾನು ಒಪ್ಪದಿರುವುದು. ಜೊತೆಗಾರ ಯಾರು ಎಂಬುದನ್ನೂ ನೋಡಬೇಕು.

ಹೋಮೊಸಲೇಟ್ ಎಂಬ ಇನ್ನೊಂದು ಸನ್‌ಸ್ಕ್ರೀನ್ ಪದಾರ್ಥವನ್ನು ಯುರೋಪಿನವರು ಈಗ ಮುಖಕ್ಕೆ ಹಚ್ಚುವವುಗಳಿಗೆ ಸೀಮಿತ ಮಾಡಿ ಶೇ 7.34ಕ್ಕೆ ಇಳಿಸಿದ್ದಾರೆ. ಮೈಗೆಲ್ಲ ಬೇಡ. ಕಟ್ಟಕಡೆಯಲ್ಲಿ ಆಕ್ಸಿಬೆನ್ಜೋನ್. ಅದರ ಜಾತಕವನ್ನು ಮೇಲೆ ಹೇಳಿಯಾಗಿದೆ.

ಪ್ರಶ್ನೆ: ಅಕ್ಕಾ, ನಮ್ಮ ಅತ್ತೆಗೆ ಎರಡೂ ಕೆನ್ನೆಯ ಮೇಲೆ ಬಂಗು. ಕಬ್ಬಿನ ಗದ್ದೆಯಲ್ಲಿ ಕೆಲಸ. ಊರಿನ ಅಂಗಡಿಯವರು ಒಂದು ಕ್ರೀಮ್ ಕೊಟ್ಟರು. ಹಚ್ಚಿದ ಹತ್ತು ದಿನಕ್ಕೆ ಮುಖ ತಿಳಿಯಾಯಿತು. ಈಗ ನಿಲ್ಲಿಸಿದರೆ ಕೆಂಪಾಗಿ ಉರಿಯುತ್ತದೆ, ಬಿಸಿಲಿಗೆ ಬಂದರೆ ಕಣ್ಣೀರು ಬರುವಷ್ಟು. ಅದರ ಜೊತೆ ಹಚ್ಚಲು ಯಾವ ಸನ್‌ಸ್ಕ್ರೀನ್ ಸುರಕ್ಷಿತ?
– ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ: ತಂಗಿ, ನಿನ್ನ ಪತ್ರ ಓದಿ ನನಗೆ ಆಕ್ಸಿಬೆನ್ಜೋನ್ ಎಲ್ಲ ಮರೆತುಹೋಯಿತು. ನೀನು ಅಂಟಿಸಿ ಕಳಿಸಿದ ರಟ್ಟಿನ ಡಬ್ಬಿಯ ತುಂಡಿನಲ್ಲಿ ಮೂರು ಹೆಸರುಗಳಿವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರನೆಯದು ಸ್ಟೆರಾಯ್ಡ್. ಅದರ ಪಕ್ಕದಲ್ಲೇ ಕೆಂಪು ಗೆರೆ ಎಳೆದು, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಅಚ್ಚು ಹಾಕಿದ್ದಾರೆ. ಚರ್ಮಕ್ಕೆ ಹಚ್ಚುವ ಸ್ಟೆರಾಯ್ಡ್‌ಗಳನ್ನು 2018ರಲ್ಲಿ ಕೇಂದ್ರ ಸರ್ಕಾರ, ವೈದ್ಯರ ಚೀಟಿ ಬೇಕೇಬೇಕಾದ ಔಷಧಗಳ ಶೆಡ್ಯೂಲ್ ‘ಎಚ್’ ಪಟ್ಟಿಗೆ ಬಿಗಿಯಾಗಿ ಸೇರಿಸಿದ್ದೇ ಇಂಥ ಮಾರಾಟವನ್ನು ತಡೆಯಲು. ನನ್ನ ವೃತ್ತಿಯವರೇ ಅದನ್ನು ಬಿಸ್ಕತ್ತಿನ ಹಾಗೆ ಎತ್ತಿ ಕೊಡುತ್ತಾರಲ್ಲ ಎಂದು ನನಗೆ ನಾಚಿಕೆಯಾಗುತ್ತದೆ.

ಮೊದಲ ಹತ್ತು ದಿನ ಮುಖ ತಿಳಿಯಾಗುವುದು ಇದರ ಮೋಸ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ಕೆಂಪು ರಕ್ತನಾಳಗಳು ಕಂಡು, ಮೊಡವೆ, ಮುಖದ ಮೇಲೆ ಕೂದಲು ಬರುತ್ತವೆ; ನಿಲ್ಲಿಸಿದರೆ ಉರಿ. ಸ್ಟೆರಾಯ್ಡಿನಿಂದ ಹಾಳಾದ ಮುಖ ಎಂದು ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ಹೆಸರನ್ನೇ ಇಟ್ಟಿದ್ದಾರೆ. ಟ್ರೆಟಿನಾಯಿನ್ ಬೇರೆ ಚರ್ಮವನ್ನು ಬಿಸಿಲಿಗೆ ನಾಜೂಕು ಮಾಡುತ್ತದೆ. ಅದನ್ನು ಹಚ್ಚಿಕೊಂಡು ಹಗಲಿನಲ್ಲಿ ಕಬ್ಬಿನ ಗದ್ದೆಗೆ ಇಳಿಯುವುದೆಂದರೆ ಯೋಚನೆ ಮಾಡು.

ಅತ್ತೆಯನ್ನು ಮಂಡ್ಯದ ಮಿಮ್ಸ್ ಆಸ್ಪತ್ರೆಗಾಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಗಾಗಲಿ ಕರೆದುಕೊಂಡು ಹೋಗಿ ಚರ್ಮದ ವೈದ್ಯರಿಗೆ ತೋರಿಸು. ಆ ಟ್ಯೂಬನ್ನೂ ಒಯ್ಯಿ. ಕ್ರೀಮನ್ನು ಹೇಗೆ ನಿಲ್ಲಿಸಬೇಕೆಂದು ಅವರೇ ಹೇಳಲಿ, ನಾನು ಹೇಳುವುದು ಸರಿಯಲ್ಲ. ಊರಿನ ಅಂಗಡಿಯಲ್ಲಿ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂಬ ಸ್ಟೆರಾಯ್ಡ್ ಹೆಸರುಗಳಿರುವ ಯಾವುದನ್ನೂ ಮುಖಕ್ಕೆಂದು ತರಬೇಡ.

ಸನ್‌ಸ್ಕ್ರೀನಿನ ಮಾತು. ಉರಿಯುವ ಮುಖಕ್ಕೆ ಸತುವಿನದೇ ಸರಿ, ಸುವಾಸನೆ ಇಲ್ಲದ್ದು. ಬಂಗಿಗೆ ಇನ್ನೊಂದು ಸೂಕ್ಷ್ಮವಿದೆ: ಕಣ್ಣಿಗೆ ಕಾಣುವ ಬೆಳಕೂ ಅದನ್ನು ಕಪ್ಪಾಗಿಸುತ್ತದೆ, ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಇರುವ, ಚರ್ಮದ ಬಣ್ಣದ ಕ್ರೀಮ್ ತಡೆಯುತ್ತದೆ. ಆದರೆ ಬೆವರಿನಲ್ಲಿ ಎರಡು ಗಂಟೆಗೊಮ್ಮೆ ಕೈ ತೊಳೆದು ಕ್ರೀಮ್ ಹಚ್ಚಿಕೊಳ್ಳಲು ಗದ್ದೆಯಲ್ಲಿ ಯಾರಿಗೆ ಬಿಡುವು? ಐನೂರು ರೂಪಾಯಿಯ ಟ್ಯೂಬು ಸರಿಯಾಗಿ ಹಚ್ಚಿದರೆ ತಿಂಗಳು ಬರುವುದಿಲ್ಲ. ಅಗಲ ಅಂಚಿನ ಟೋಪಿ, ಅದರ ಕೆಳಗೆ ಕೆನ್ನೆ ಮುಚ್ಚುವಂತೆ ಸುತ್ತಿದ ದಟ್ಟ ಬಣ್ಣದ ಹತ್ತಿ ಟವೆಲು, ಹನ್ನೊಂದರಿಂದ ಮೂರರವರೆಗೆ ಆದಷ್ಟೂ ನೆರಳು. ಇದರಲ್ಲಿ ಯಾವ ಪದಾರ್ಥವೂ ರಕ್ತಕ್ಕೆ ಸೇರುವುದಿಲ್ಲ. ಮದುವೆ ಮುಂಜಿಗೆ ಹೊರಟಾಗ ಬೇಕಾದರೆ ಕ್ರೀಮ್ ಹಚ್ಚಲಿ.

ಪ್ರಶ್ನೆ: ನನಗೆ 62. ತಲೆಗೂದಲಿಗೆ ಬಣ್ಣ ಹಚ್ಚಿದರೆ ನೆತ್ತಿ ಊದಿಕೊಳ್ಳುತ್ತಿತ್ತು, ಬಿಟ್ಟಿದ್ದೇನೆ. ಈಗ ಬೆಳಗಿನ ವಾಕಿಂಗಿಗೆಂದು ಸೊಸೆ ತಂದುಕೊಟ್ಟ ಸನ್‌ಸ್ಕ್ರೀನ್ ಹಚ್ಚಿದರೂ ಕತ್ತಿನಲ್ಲಿ ತುರಿಕೆ. ಎರಡಕ್ಕೂ ಸಂಬಂಧವಿದೆಯೇ?
– ನಿವೃತ್ತ ಬ್ಯಾಂಕ್ ನೌಕರ, ಕುವೆಂಪುನಗರ, ಮೈಸೂರು

ಉತ್ತರ: ಇರಬಹುದು ಸಾರ್. ಕೂದಲ ಬಣ್ಣದಲ್ಲಿರುವ ಪ್ಯಾರಾಫಿನೈಲೀನ್‌ಡೈಅಮೈನ್ ಎಂಬ ಪದಾರ್ಥಕ್ಕೆ ಒಗ್ಗದವರಿಗೆ, ಅದರ ರಚನೆಯನ್ನೇ ಹೋಲುವ ‘ಪಾಬಾ’ ಎಂಬ ಹಳೆಯ ಸನ್‌ಸ್ಕ್ರೀನ್ ಪದಾರ್ಥವೂ ಒಗ್ಗದಿರಬಹುದು. ಅಮೆರಿಕದವರು ಬೇಡವೆಂದು ಬದಿಗಿಟ್ಟ ಎರಡರಲ್ಲಿ ಇದೂ ಒಂದು. ಈಗ ಅಪರೂಪ, ಆದರೂ ಟ್ಯೂಬಿನಲ್ಲಿ ‘ಪಾಬಾ’ ಅಥವಾ ‘ಪಡಿಮೇಟ್’ ಎಂದಿದೆಯೇ ನೋಡಿ.

ಇನ್ನೊಂದು ಪ್ರಶ್ನೆ ನನ್ನಿಂದ: ಮಂಡಿನೋವಿಗೆ ಏನು ಹಚ್ಚುತ್ತೀರಿ? ಕೀಟೊಪ್ರೊಫೇನ್ ಇರುವ ಜೆಲ್ ಆಗಿದ್ದರೆ ಅದರಿಂದ ಬಿಸಿಲಿನ ಅಲರ್ಜಿ ಶುರುವಾಗಿ, ಮುಂದೆ ಆಕ್ಟೊಕ್ರೈಲೀನ್ ಇರುವ ಸನ್‌ಸ್ಕ್ರೀನಿಗೂ ಅದು ಹಬ್ಬಬಹುದು. ನಿಮ್ಮ ವಯಸ್ಸಿನವರಲ್ಲಿ ನಾನು ಮೊದಲು ವಿಚಾರಿಸುವುದು ಇದನ್ನೇ. ಎರಡೂ ಅಲ್ಲದಿದ್ದರೆ ಅನುಮಾನ ಸುವಾಸನೆಯ ಮೇಲೆ, ಆಮೇಲೆ ಆಕ್ಸಿಬೆನ್ಜೋನ್ ಮೇಲೆ. ಅದರ ಕುಲದ ಬೆಂಜೋಫಿನೋನ್‌ಗಳನ್ನು ಅಮೆರಿಕದ ಅಲರ್ಜಿ ತಜ್ಞ ಚರ್ಮವೈದ್ಯರು 2014ರಲ್ಲಿ ‘ವರ್ಷದ ಅಲರ್ಜಿಕಾರಕ’ ಎಂದು ಸಾರಿದ್ದರು. ಹೀಗೂ ಪ್ರಶಸ್ತಿಗಳಿವೆ!

ಹೊಸ ಟ್ಯೂಬು ತಂದಾಗ ಮೊಣಕೈಯ ಒಳಮಡಿಕೆಯಲ್ಲಿ ಕಡಲೆಕಾಳಿನಷ್ಟು ಹಚ್ಚಿ, ಬೆಳಿಗ್ಗೆ ಸಂಜೆ, ಒಂದು ವಾರ. ಏನೂ ಆಗದಿದ್ದರೆ ಮುಖಕ್ಕೆ ಒಯ್ಯಿರಿ. ನೀವು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಆರಕ್ಕೆ ಹೋಗಿ ಏಳಕ್ಕೆ ಬರುವವರಾದರೆ ಸನ್‌ಸ್ಕ್ರೀನ್ ಬೇಕಾಗಿಯೇ ಇಲ್ಲ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಮುಖದ ಮೇಲೆ ಬಂಗು ಶುರುವಾಗಿದೆ. ಯಾವುದನ್ನು ಹಚ್ಚಬಹುದು? ಮಗು ಹುಟ್ಟಿದ ಮೇಲೆ ಎಣ್ಣೆ ನೀರು ಹಾಕಿ ಬೆಳಗಿನ ಬಿಸಿಲಿಗೆ ಹಿಡಿಯುವಾಗ ಅದಕ್ಕೂ ಹಚ್ಚಬೇಕೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ನಿಮಗೆ ಸತು, ಬಣ್ಣ ಬೆರೆಸಿದ್ದು. ಆಕ್ಸಿಬೆನ್ಜೋನ್ ಬೇಡವೇ ಬೇಡ. ರಕ್ತಕ್ಕೆ ಸೇರುವುದನ್ನು ಈ ತಿಂಗಳುಗಳಲ್ಲಿ ಸುಮ್ಮನೆ ಏಕೆ ಹಚ್ಚಬೇಕು? ಮಗುವಿಗೆ ಆರು ತಿಂಗಳಾಗುವವರೆಗೆ ಯಾವ ಸನ್‌ಸ್ಕ್ರೀನೂ ಬೇಡ. ಅದರ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಮೈ ಅಗಲ, ಹಚ್ಚಿದ್ದು ಹೆಚ್ಚು ಒಳಗೆ ಹೋಗುತ್ತದೆ. ನೇರ ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ ಇಟ್ಟುಕೊಳ್ಳಿ, ಕುಲಾವಿ ಹಾಕಿ. ಡಿ ವಿಟಮಿನ್ನಿಗೆ ಮಕ್ಕಳ ವೈದ್ಯರು ಹನಿ ಬರೆದುಕೊಡುತ್ತಾರೆ, ಅದನ್ನು ಹಾಕಿದರಾಯಿತು. ಅಜ್ಜಿಯಂದಿರು ಬೈದರೆ ನನ್ನ ಹೆಸರು ಹೇಳಿ.

ಪ್ರಶ್ನೆ: ಮಗ ಈಜು ತರಬೇತಿಗೆ ಹೋಗುತ್ತಾನೆ, ಒಂಬತ್ತು ವರ್ಷ. ಸ್ಪ್ರೇ ತಂದರೆ ಅವನೇ ಹೊಡೆದುಕೊಳ್ಳುತ್ತಾನೆ, ನಮಗೂ ಸುಲಭ. ಆಗಬಹುದೇ?
– ತಾಯಿ, ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ಬೇಡ. ಅವನೇ ಹೊಡೆದುಕೊಂಡರೆ ಅರ್ಧ ಗಾಳಿಗೆ, ಕಾಲು ಭಾಗ ಮೂಗಿಗೆ. ಟೈಟಾನಿಯಂ ಡೈಆಕ್ಸೈಡಿನ ಪುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ‘ಸಂಭಾವ್ಯ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಹಾಕಿದೆ. ನ್ಯಾನೊ ಕಣಗಳನ್ನು ಸ್ಪ್ರೇಯಲ್ಲಿ ಹಾಕುವುದು ಯುರೋಪಿನ ತಜ್ಞರಿಗೂ ಸಮ್ಮತವಲ್ಲ. ಸಾಲದ್ದಕ್ಕೆ 2021ರಲ್ಲಿ ಅಮೆರಿಕದಲ್ಲಿ ಕೆಲವು ಸ್ಪ್ರೇ ಸನ್‌ಸ್ಕ್ರೀನ್‌ಗಳಲ್ಲಿ ಬೆಂಜೀನ್ ಎಂಬ, ನಿಜವಾಗಿಯೂ ಕ್ಯಾನ್ಸರ್ ತರುವ ಪದಾರ್ಥ ಸಿಕ್ಕಿ ಕಂಪನಿಗಳು ಅವನ್ನು ಹಿಂದಕ್ಕೆ ಕರೆಸಿಕೊಂಡವು. ಅದು ಸನ್‌ಸ್ಕ್ರೀನಿನ ಪದಾರ್ಥವಲ್ಲ, ತಯಾರಿಕೆಯಲ್ಲಿ ನುಸುಳಿದ ಕಲ್ಮಶ. ಸತುವಿನ ಕಡ್ಡಿಯಾಕಾರದ ಸ್ಟಿಕ್ ಕೊಡಿಸಿ, ಮೂಗು, ಕೆನ್ನೆ, ಹೆಗಲಿಗೆ ತಾನೇ ತೀಡಿಕೊಳ್ಳುತ್ತಾನೆ. ಉಳಿದದ್ದಕ್ಕೆ ತೋಳಿರುವ ಈಜುಡುಗೆ.

ಪ್ರಶ್ನೆ: ಪ್ರದರ್ಶನದ ಮಳಿಗೆಯೊಂದರಲ್ಲಿ ಕೊಬ್ಬರಿ ಎಣ್ಣೆ, ಅರಿಶಿನ, ಲೋಳೆಸರದಿಂದ ಮಾಡಿದ ‘ರಾಸಾಯನಿಕ ಮುಕ್ತ’ ಸನ್‌ಸ್ಕ್ರೀನ್ ಸಿಕ್ಕಿತು. ಎಸ್‌ಪಿಎಫ್ 50 ಎಂದು ಕೈಯಲ್ಲಿ ಬರೆದ ಚೀಟಿ ಅಂಟಿಸಿದ್ದಾರೆ. ಇದಕ್ಕಿಂತ ಸುರಕ್ಷಿತ ಬೇರೆ ಇಲ್ಲವಲ್ಲವೇ?
– ಗೃಹಿಣಿ, ಮದ್ದೂರು

ಉತ್ತರ: ಎಸ್‌ಪಿಎಫ್ ಎಂದರೆ ಬಿಸಿಲು ತಡೆಯುವ ಶಕ್ತಿಯ ಅಳತೆ, ಬರೆದುಕೊಳ್ಳುವ ಸಂಖ್ಯೆಯಲ್ಲ. ಒಂದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂನಂತೆ ಮನುಷ್ಯರ ಬೆನ್ನಿಗೆ ಹಚ್ಚಿ, ಪ್ರಯೋಗಾಲಯದಲ್ಲಿ ನೇರಳಾತೀತ ಬೆಳಕು ಬಿಟ್ಟು, ಚರ್ಮ ಕೆಂಪಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು ಹೇಳುವುದು. ಲೋಳೆಸರ ಬಿಸಿಲಿಗೆ ಬೆಂದ ಚರ್ಮವನ್ನು ತಂಪು ಮಾಡುತ್ತದೆ, ಬಿಸಿಲನ್ನು ತಡೆಯುವುದಿಲ್ಲ. ಅರಿಶಿನದ ಕಲೆ ಬಿದ್ದ ಬಿಳಿ ಪಂಚೆಯನ್ನು ಬಿಸಿಲಿಗೆ ಹಾಕಿದರೆ ಸಂಜೆಯೊಳಗೆ ಕಲೆ ಮಾಸುತ್ತದೆ, ನೀವೇ ನೋಡಿರುತ್ತೀರಿ. ಬಿಸಿಲಿನ ಎದುರು ತಾನೇ ನಿಲ್ಲಲಾರದ್ದು ನಿಮ್ಮ ಕೆನ್ನೆ ಕಾಯುವುದೆಂತು?

ಆ ಡಬ್ಬಿಯಿಂದ ಮೈಗೆ ಹಾನಿ ಆಗದಿರಬಹುದು. ಅದನ್ನು ನಂಬಿ ಏಪ್ರಿಲ್ ಮಧ್ಯಾಹ್ನ ಸಂತೆಗೆ ಹೋದರೆ ಹಾನಿ ಬಿಸಿಲಿನಿಂದ ಆಗುತ್ತದೆ. ನಾವಿರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲಿನ ಕೊನೆಯ ಹೊತ್ತಿಗೆ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ನೇರಳಾತೀತ ಸೂಚ್ಯಂಕ 11 ದಾಟಿ ‘ವಿಪರೀತ’ ಎಂಬ ಮಟ್ಟಕ್ಕೆ ಹೋಗುತ್ತದೆ. ನಮ್ಮ ದೇಶದಲ್ಲಿ ಸನ್‌ಸ್ಕ್ರೀನ್ ಸೌಂದರ್ಯವರ್ಧಕದ ಲೆಕ್ಕ, 2020ರ ಸೌಂದರ್ಯವರ್ಧಕ ನಿಯಮಗಳು ಅನ್ವಯಿಸುತ್ತವೆ. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಕೊಳ್ಳಬೇಡಿ. ಕೊಂಡಾಗಿದೆ ಎಂದರೆ ರಾತ್ರಿ ಕಾಲಿನ ಒಡಕಿಗೆ ಹಚ್ಚಿ, ಕೊಬ್ಬರಿ ಎಣ್ಣೆಗೆ ಅದು ಒಳ್ಳೆಯ ಕೆಲಸ.

ಪ್ರಶ್ನೆ: ಗೆಳೆಯರೊಂದಿಗೆ ಮುರ್ಡೇಶ್ವರದ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆ ಹೋಗುತ್ತಿದ್ದೇನೆ. ಹವಳಕ್ಕೆ ಹಾನಿಯಾಗದ ಸನ್‌ಸ್ಕ್ರೀನ್ ಯಾವುದು?
– ವಿದ್ಯಾರ್ಥಿ, ಮಾನಸಗಂಗೋತ್ರಿ

ಉತ್ತರ: ಕೇಳಿದ್ದು ಸಂತೋಷ. ಹವಾಯಿಯಲ್ಲಿ ಆಕ್ಸಿಬೆನ್ಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವವುಗಳ ಮಾರಾಟವನ್ನು 2021ರ ಜನವರಿಯಿಂದ ನಿಲ್ಲಿಸಿದ್ದಾರೆ. ಪೆಸಿಫಿಕ್ ಸಾಗರದ ಪಲಾವು ದೇಶ ಅದಕ್ಕೂ ಒಂದು ವರ್ಷ ಮೊದಲೇ ನಿಷೇಧ ತಂದಿತ್ತು. ಹವಳಕ್ಕೆ ದೊಡ್ಡ ಶತ್ರು ಸಮುದ್ರದ ಬಿಸಿ ಏರುತ್ತಿರುವುದು, ಸನ್‌ಸ್ಕ್ರೀನ್ ಅಲ್ಲ. ಆದರೂ ಆ ಎರಡನ್ನು ಬಿಡಿ. ನೀರಿನೊಳಗೆ ಉದ್ದ ತೋಳಿನ ಅಂಗಿ ಹಾಕಿಕೊಂಡರೆ ಹಚ್ಚಬೇಕಾದದ್ದು ಮುಖಕ್ಕೆ ಮಾತ್ರ.

ಪ್ರಶ್ನೆ: ಆನ್‌ಲೈನಿನಲ್ಲಿ ಎರಡು ಕೊಂಡರೆ ಎರಡು ಉಚಿತ ಎಂದು ಸನ್‌ಸ್ಕ್ರೀನ್ ತರಿಸಿದೆ. ಅವಧಿ ಮುಗಿಯಲು ಎರಡೇ ತಿಂಗಳಿದೆ. ಒಂದನ್ನು ಬೈಕಿನ ಬಾಕ್ಸಿನಲ್ಲೇ ಇಟ್ಟುಕೊಂಡಿದ್ದೇನೆ. ಅವಧಿ ಮುಗಿದ ಮೇಲೂ ಬಳಸಿದರೆ ತೊಂದರೆ ಇಲ್ಲ ತಾನೇ? ಪದಾರ್ಥ: ಆಕ್ಟೊಕ್ರೈಲೀನ್, ಅವೊಬೆನ್ಜೋನ್.
– ಮಾರಾಟ ಪ್ರತಿನಿಧಿ, ಮಂಡ್ಯ

ಉತ್ತರ: ಇದೆ. ಆಕ್ಟೊಕ್ರೈಲೀನ್ ಹಳತಾದಂತೆ ನಿಧಾನವಾಗಿ ಒಡೆದು ಬೆಂಜೋಫಿನೋನ್ ಎಂಬ ಪದಾರ್ಥ (ಮೇಲೆ ಹೇಳಿದ ಬೆಂಜೋಫಿನೋನ್-3 ಅಲ್ಲ) ಹೆಚ್ಚಾಗುತ್ತದೆ ಎಂದು 2021ರಲ್ಲಿ ಒಂದು ಅಧ್ಯಯನ ತೋರಿಸಿತು. ಅದನ್ನೂ ಸಂಭಾವ್ಯ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಪ್ರಮಾಣ ಸಣ್ಣದು, ಹೆದರಿ ಓಡಬೇಕಾಗಿಲ್ಲ. ಆದರೆ ಮಂಡ್ಯದ ಬಿಸಿಲಿನಲ್ಲಿ ನಿಂತ ಬೈಕಿನ ಬಾಕ್ಸು ಯಾವ ಕ್ರೀಮಿಗೂ ತಕ್ಕ ಜಾಗವಲ್ಲ. ಎಣ್ಣೆ, ನೀರು ಬೇರೆಯಾಗಿ, ಹಿಂಡಿದಾಗ ಮೊದಲು ತೆಳ್ಳನೆಯ ನೀರು ಬರುತ್ತದೆ. ಹಾಗೆ ಬಂದ ಟ್ಯೂಬನ್ನು ಅವಧಿ ಇದ್ದರೂ ಎಸೆಯಿರಿ, ಅದು ಎಲ್ಲಿ ತಡೆಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಹೇಳಲಾಗದು.

ಮಿಕ್ಕ ಮೂರನ್ನು ಮನೆಯವರೆಲ್ಲ ಸೇರಿ ಈಗಲೇ ಖಾಲಿ ಮಾಡಿ. ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ಎರಡು ತಿಂಗಳು ಬೇಕಾಗುವುದೇ ಇಲ್ಲ: ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದಷ್ಟು, ಮುಖ ಮತ್ತು ಕತ್ತಿಗೆ, ಒಂದು ಸಲಕ್ಕೆ. ನೀವು ಬೆಳಿಗ್ಗೆ ಕೆ.ಆರ್. ಪೇಟೆ, ಮಧ್ಯಾಹ್ನ ನಾಗಮಂಗಲ ಎಂದು ಸುತ್ತುವವರು. ಹೆಲ್ಮೆಟ್ ತೆಗೆದಾಗ ಬೆವರು ಒರೆಸಿ ಇನ್ನೊಂದು ಸಲ ಹಚ್ಚಿ.